ಕೆರೆ ಏರಿಯಿಂದ ರೇಡಿಯೋಗೆ, ರೇಡಿಯೋದಿಂದ ಫೋನಿಗೆ: ಊರಿನ ಸದ್ದಲ್ಲೇ ಲೈವ್ ಸೌಂಡ್ ಆರ್ಟ್ ಮಾಡೋದು ಹೇಗೆ

ಬೆಳಿಗ್ಗೆ 5:40. ನಮ್ಮೂರ ಕೆರೆ ಏರಿ ಪಕ್ಕದಲ್ಲಿರೋ ಸ್ನೇಹಿತನ ಮನೆ ಸಜ್ಜಾ ಕೆಳಗೆ ಒಂದು ಮೈಕ್ ಕಟ್ಟಿದ್ವಿ. ಮೈಕಿನ ಸದ್ದು ಇಂಟರ್ನೆಟ್‌ಗೆ ಹೋಗ್ತಿತ್ತು, ಅಲ್ಲಿಂದ ಹತ್ತಿರದ ಸಮುದಾಯ ರೇಡಿಯೋದವರು (ಸುತ್ತಲಿನ ಊರಿಗಾಗಿ ನಡೆಯೋ ಸಣ್ಣ ಸ್ಟೇಷನ್) ಅದನ್ನ ತಗೊಂಡು ಎಫ್‌ಎಂನಲ್ಲಿ ಬಿಡ್ತಿದ್ರು, ಸ್ನೇಹಿತನ ಅಜ್ಜಿ ಅಡುಗೆಮನೇಲಿ ಟ್ರಾನ್ಸಿಸ್ಟರ್ ಹಚ್ಕೊಂಡು ಅದನ್ನೇ ಕೇಳ್ತಿದ್ರು, ಕಿಟಕಿ ತೆಗೆದೇ ಇತ್ತು. ಅಜ್ಜಿ ಮೊಮ್ಮಗನಿಗೆ "ಏ ಪುಟ್ಟಾ, ಎದ್ದೇಳೋ, ಹಾಲು ಆರೋಗತ್ತೆ" ಅಂತ ಕೂಗಿದ್ರು. ಹನ್ನೆರಡು ಸೆಕೆಂಡ್ ಆಗಿರ್ಬೇಕು, ರೇಡಿಯೋ ಒಳಗಿಂದ ಅದೇ ದನಿ, ಸ್ವಲ್ಪ ತೆಳ್ಳಗೆ, "ಏ ಪುಟ್ಟಾ, ಎದ್ದೇಳೋ". ಅಜ್ಜಿ ಸೌಟು ಕೈಯಲ್ಲಿ ಹಿಡ್ಕೊಂಡೇ ನಿಂತ್ಬಿಟ್ರು. ಆ ದನಿ ಮತ್ತೆ ಕಿಟಕಿಯಿಂದ ಮೈಕಿಗೆ ಹೋಗಿ, ಇನ್ನೊಂದು ಸುತ್ತು ಹೊಡ್ಕೊಂಡು, ಇನ್ನೂ ತೆಳ್ಳಗಾಗಿ ಬಂತು, ಹಿಂದೆ ಒಂದು ಕೆಂಬೂತದ ಕೂಗನ್ನೂ ಸೇರಿಸ್ಕೊಂಡು. ಮೂರನೇ ಸಲಕ್ಕೆ ಅಜ್ಜಿ ರೇಡಿಯೋ ಕಡೆ ತಿರುಗಿ "ಕೂಗ್ತಾ ಇದೀನಲ್ಲ, ತಡಿಯೇ ನೀನು" ಅಂದ್ರು. ಅದೂ ವಾಪಸ್ ಬಂತು.

ಅಲ್ಲೀವರೆಗೆ ನಾವು ಮೂರು ದಿನದಿಂದ ಆ ಹನ್ನೆರಡು ಸೆಕೆಂಡ್ ತಡ ಆಗೋದನ್ನ ಹೇಗಾದ್ರೂ ಕಮ್ಮಿ ಮಾಡ್ಬೇಕು ಅಂತ ಒದ್ದಾಡ್ತಿದ್ವಿ. ಅವತ್ತು ಬಿಟ್ವಿ. ಇಂಟರ್ನೆಟ್ ರೇಡಿಯೋನ ಊರಿನ ರೇಡಿಯೋ ಜೊತೆ ಸೇರಿಸಿದಾಗ ಸಿಗೋ ದೊಡ್ಡ ವಸ್ತು ಅಂದ್ರೆ ಆ ತಡನೇ, ಒಂದು ಸದ್ದು ಎರಡು ದಾರೀಲಿ ಹೋಗಿ ಬೇರೆಬೇರೆ ಹೊತ್ತಿಗೆ ತಲುಪೋದು, ತಿರುಗಿ ಬರೋದು. ಸೌಂಡ್ ಆರ್ಟ್ ಅಂದ್ರೆ ಸದ್ದನ್ನೇ ವಸ್ತುವಾಗಿ ಇಟ್ಕೊಂಡು ಮಾಡೋ ಕಲೆ, ಕೆಳಗೆ ಬರೆದಿರೋದೆಲ್ಲ ಈ ತಡನ ಇಟ್ಕೊಂಡೇ ಬರೆದಿದೀನಿ. ಕಂಪ್ಯೂಟರ್ ಸ್ವಲ್ಪ ಗೊತ್ತಿದ್ದು, ಊರಲ್ಲಿ ನಾಲ್ಕು ಜನ ಜೊತೆಗಿದ್ರೆ ಒಂದು ತಿಂಗಳಲ್ಲಿ ಮಾಡ್ಬೋದಾದ ಕೆಲಸ ಇದು.

ಇದು ಹೊಸದೇನಲ್ಲ ಅನ್ನೋದೂ ಹೇಳ್ಬಿಡ್ತೀನಿ, ಯಾಕಂದ್ರೆ ಹಿಂದಿನವರು ಮಾಡಿರೋದು ಕೇಳಿದ್ರೆ ಧೈರ್ಯ ಬರತ್ತೆ. 1966ರಲ್ಲಿ ಮ್ಯಾಕ್ಸ್ ನ್ಯೂಹೌಸ್ ಅನ್ನೋ ಅಮೆರಿಕದ ಕಲಾವಿದ ನ್ಯೂಯಾರ್ಕಿನ ಡಬ್ಲ್ಯೂಬಿಎಐ ರೇಡಿಯೋ ಸ್ಟೇಷನ್‌ನಲ್ಲಿ ಹತ್ತು ಟೆಲಿಫೋನ್ ಲೈನ್ ಇಟ್ಕೊಂಡು, ಕೇಳುಗರು ಫೋನ್ ಮಾಡಿ ಕೊಟ್ಟ ಸದ್ದನ್ನೆಲ್ಲ ಅಲ್ಲೇ ಬೆರೆಸಿ ಗಾಳೀಲಿ ಬಿಟ್ಟ. ಮುಂದೆ 1977ರ ಜನವರಿ 2ಕ್ಕೆ ಅಮೆರಿಕದ ಸಾರ್ವಜನಿಕ ರೇಡಿಯೋದ ಸುಮಾರು 190 ಸ್ಟೇಷನ್‌ಗಳನ್ನ ಸೇರಿಸಿ ಎರಡು ಗಂಟೆ ಕಾರ್ಯಕ್ರಮ ಮಾಡಿದ. ಜನ ಐದು ಊರುಗಳಿಗೆ ಫೋನ್ ಮಾಡಿ ಸಿಳ್ಳೆ ಹಾಕಿದ್ರು, ಆ ಸಿಳ್ಳೆ ಸ್ಟೇಷನ್‌ಗಳ ಲೈನ್‌ನಲ್ಲೇ ಸುತ್ತುತ್ತಾ ಸುತ್ತುತ್ತಾ ಬೇರೆ ರೂಪ ತಾಳ್ತು. ಅಜ್ಜಿ ಅಡುಗೆಮನೇಲಿ ಆಗಿದ್ದು ಅದೇ, ಸಣ್ಣ ಮಟ್ಟದಲ್ಲಿ. ಈಗ ಲಂಡನ್ನಿನ ಸೌಂಡ್‌ಕ್ಯಾಂಪ್ ಅನ್ನೋ ಗುಂಪು 2014ರಿಂದ ವರ್ಷಕ್ಕೊಂದು ಸಲ, ಮೇ ತಿಂಗಳ ಮೊದಲ ಭಾನುವಾರದ ಆಸುಪಾಸಲ್ಲಿ, 'ರೆವೇಯ್' ಅಂತ 24 ಗಂಟೆ ಪ್ರಸಾರ ಮಾಡತ್ತೆ. ಭೂಮಿ ತಿರುಗ್ತಾ ಎಲ್ಲೆಲ್ಲಿ ಬೆಳಗಾಗತ್ತೋ ಅಲ್ಲಲ್ಲಿ ಜನ ಇಟ್ಟಿರೋ ಮೈಕಿನ ಸದ್ದು ಒಂದಾದ ಮೇಲೊಂದು ಬರತ್ತೆ, ಎಷ್ಟೋ ರೇಡಿಯೋಗಳು ಅದನ್ನ ತಗೊಂಡು ತಮ್ಮೂರಲ್ಲಿ ಬಿಡತ್ವೆ. ಫ್ರಾನ್ಸಿನ ಲೋಕಸ್ ಸೋನಸ್ ಗುಂಪಿನವರು ಜಗತ್ತಿನ ಬೇರೆಬೇರೆ ಕಡೆ ಸದಾ ತೆರೆದಿಟ್ಟ ಮೈಕುಗಳ ಒಂದು ನಕ್ಷೇನೇ ಇಟ್ಟಿದಾರೆ, ಆ ಹೊತ್ತಿಗೆ ಚಾಲೂ ಇರೋ ಚುಕ್ಕೆ ಒತ್ತಿದ್ರೆ ಆ ಜಾಗ ಕೇಳಿಸತ್ತೆ. ಶುರು ಮಾಡೋಕೆ ಮುಂಚೆ ಒಂದು ರಾತ್ರಿ ಕೂತು ಅದನ್ನ ಕೇಳಿ. ಏನೂ ಆಗ್ತಿಲ್ಲ ಅನ್ಸೋ ಹತ್ತು ನಿಮಿಷ ಎಷ್ಟು ತುಂಬಿರತ್ತೆ ಅಂತ ಗೊತ್ತಾಗತ್ತೆ.

ಮತ್ತೆ ನಮ್ಮ ಮೈಸೂರು. 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೇಲೇ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದ್ರು, ಆಕಾಶವಾಣಿ ಅನ್ನೋ ಹೆಸರು ಆ ಮನೆ ರೇಡಿಯೋದ್ದು, ದೇಶದ ರೇಡಿಯೋಗೆ ಆಮೇಲೆ ಬಂತು. ಮನೆಯಿಂದ ರೇಡಿಯೋ ಮಾಡೋದು ನಮ್ಮ ಕಡೆಯವರಿಗೆ ಪರಕೀಯ ಅಲ್ಲ.

ಮೊದಲು ಕಾನೂನು

ಇದನ್ನ ಕೊನೆಗೆ ಇಡೋದಿಕ್ಕೆ ಆಗಲ್ಲ. ಆನ್‌ಲೈನಲ್ಲಿ ಪುಟ್ಟಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರ್ ಬೋರ್ಡ್ ಸಿಗತ್ವೆ, ವಿಡಿಯೋ ನೋಡಿ ಅರ್ಧ ದಿನದಲ್ಲಿ ಜೋಡಿಸ್ಬೋದು, ಜೋಡಿಸಬೇಡಿ. ಜಪಾನಿನಲ್ಲಿ ತೆತ್ಸುವೊ ಕೊಗಾವಾ ಅನ್ನೋರು 1980ರ ದಶಕದಲ್ಲಿ 'ಮಿನಿ ಎಫ್‌ಎಂ' ಅಂತ ಓಣಿಗೊಂದು ರೇಡಿಯೋ ಚಳವಳಿ ಕಟ್ಟಿದ್ರು, ಅಲ್ಲಿನ ಕಾನೂನು ತುಂಬಾ ದುರ್ಬಲವಾದ ಸಿಗ್ನಲ್‌ಗೆ ಲೈಸೆನ್ಸ್ ಕೇಳ್ತಿರಲಿಲ್ಲ, ಹಾಗಾಗಿ ಅದು ಆಯ್ತು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ರೇಡಿಯೋ ಪ್ರಸಾರ ಮಾಡೋ ಹಾಗಿಲ್ಲ. ಬಿಹಾರದ ಮನ್ಸೂರ್‌ಪುರ ಅನ್ನೋ ಹಳ್ಳೀಲಿ ರಾಘವ್ ಅನ್ನೋ ರೇಡಿಯೋ ರಿಪೇರಿ ಹುಡುಗ ತಾನೇ ಮಾಡಿದ ಟ್ರಾನ್ಸ್‌ಮಿಟರ್‌ನಿಂದ ಊರೆಲ್ಲ ಪ್ರೀತಿಸೋ ಸ್ಟೇಷನ್ ನಡೆಸ್ತಿದ್ದ, 2006ರಲ್ಲಿ ಅದನ್ನ ಮುಚ್ಚಿಸಿದ್ರು. ನನಗೆ ಈಗಲೂ ಅದು ಬೇಜಾರು, ಆದ್ರೆ ನಿಮ್ಮ ಕೆಲಸ ಅರ್ಧಕ್ಕೆ ನಿಲ್ಲಬಾರದು.

ಹಾಗಾದ್ರೆ ಊರೊಳಗಿನ ಪ್ರಸಾರಕ್ಕೆ ಏನ್ ಮಾಡೋದು? ನನಗೆ ಗೊತ್ತಿರೋ ಮೂರು ದಾರಿ ಇದೆ.

ಒಂದು, ಲೈಸೆನ್ಸ್ ಇರೋ ಸಮುದಾಯ ರೇಡಿಯೋ ಜೊತೆ ಸೇರೋದು. ಬೆಂಗಳೂರಲ್ಲಿ ರೇಡಿಯೋ ಆಕ್ಟಿವ್ 90.4, ಮಂಗಳೂರಲ್ಲಿ ಸಾರಂಗ್ 107.8, ಮಣಿಪಾಲದಲ್ಲಿ ರೇಡಿಯೋ ಮಣಿಪಾಲ್ 90.4, ಸರಗೂರಲ್ಲಿ ಜನಧ್ವನಿ 90.8, ಹೀಗೆ ಸುಮಾರಿವೆ. ಇವುಗಳ ಪ್ರಸಾರದ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರೋ ಹಾಗಿಲ್ಲ, ಅಂದ್ರೆ ಸುತ್ತಮುತ್ತ ಒಂದಷ್ಟು ಕಿಲೋಮೀಟರ್ ಅಷ್ಟೇ ಕೇಳಿಸೋದು, ನಮಗೆ ಬೇಕಾಗಿರೋದೂ ಅಷ್ಟೇ.

ಎರಡು, ತಂತಿ. ಕೋಲಾರ ಜಿಲ್ಲೆ ಬೂದಿಕೋಟೆಯ 'ನಮ್ಮ ಧ್ವನಿ'ಗೆ ಶುರುವಲ್ಲಿ ಗಾಳೀಲಿ ಬಿಡೋ ಅನುಮತಿ ಇರಲಿಲ್ಲ, ಆಗ ಅವರು ಕೇಬಲ್ ಎಳೆದು ಮನೆಮನೆಗೆ ಕಾರ್ಯಕ್ರಮ ಕೊಟ್ರು. ನೀವು ಒಂದು ವಠಾರಕ್ಕೋ, ಲೈಬ್ರರಿಗೋ, ಶಾಲೆ ಅಂಗಳಕ್ಕೋ ಸ್ಪೀಕರ್ ತಂತಿ ಎಳೆದ್ರೆ ಅದೂ ಊರ ಪ್ರಸಾರನೇ.

ಮೂರು, ವೈಫೈ. ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಷ್ಟು ಪುಟ್ಟ ಕಂಪ್ಯೂಟರನ್ನ ಹಾಟ್‌ಸ್ಪಾಟ್ ಮಾಡಿ ಅದರೊಳಗೇ ಸ್ಟ್ರೀಮಿಂಗ್ ಸರ್ವರ್ (ಸದ್ದನ್ನ ಕೇಳುಗರಿಗೆ ಹಂಚೋ ಪ್ರೋಗ್ರಾಂ) ಓಡಿಸಿದ್ರೆ ಆ ಕಟ್ಟೆ ಹತ್ರ ಕೂತವರ ಫೋನಿಗೆ ಮಾತ್ರ ಕೇಳತ್ತೆ, ಡೇಟಾ ಪ್ಯಾಕ್ ಬೇಕಾಗಲ್ಲ.

ಇಲ್ಲಿ ನಾನು ಮೊದಲನೇ ದಾರಿ ಹೇಳ್ತೀನಿ, ಮಿಕ್ಕಿದ್ದಕ್ಕೂ ಮುಕ್ಕಾಲು ಭಾಗ ಇದೇ ಕೆಲಸ.

ರೇಡಿಯೋ ಸ್ಟೇಷನ್‌ನವರ ಹತ್ರ ಹೋಗೋದು

ಸಾಮಾನು ತರೋಕೆ ಮುಂಚೆ ಹೋಗಿ. "ಸೌಂಡ್ ಆರ್ಟ್" ಅಂದ್ರೆ ಅವರಿಗೆ ಏನು ಅಂತ ಅರ್ಥ ಆಗ್ದೇ ಇರ್ಬೋದು, ಅದರಲ್ಲಿ ಅವರ ತಪ್ಪೇನಿಲ್ಲ. "ಬೆಳಿಗ್ಗೆ ಅರ್ಧ ಗಂಟೆ ನಮ್ಮ ಕೆರೆ ಸದ್ದು ಲೈವ್, ಅದರ ಜೊತೆ ಊರವರು ಕಳಿಸಿದ ಸದ್ದು" ಅನ್ನಿ, ಅರ್ಥ ಆಗತ್ತೆ. ಸಮುದಾಯ ರೇಡಿಯೋ ನಿಯಮದಲ್ಲಿ ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯರನ್ನ ಸೇರಿಸ್ಕೊಂಡು ಮಾಡಿರ್ಬೇಕು ಅಂತಿದೆ, ನಿಮ್ಮದು ಆ ಲೆಕ್ಕಕ್ಕೆ ಸಲೀಸಾಗಿ ಸೇರತ್ತೆ. ಅವರ ಭಯ ಏನು ಅಂತಾನೂ ತಿಳ್ಕೊಂಡು ಹೋಗಿ. ಒಂದು, ಪ್ರಸಾರದ ಮಧ್ಯೆ ಸದ್ದೇ ಇಲ್ಲದೆ ಹೋಗೋದು, ಅವರು ಅದಕ್ಕೆ ಡೆಡ್ ಏರ್ ಅಂತಾರೆ. ಇನ್ನೊಂದು, ಲೈವ್‌ನಲ್ಲಿ ಯಾರೋ ಬೈದುಬಿಟ್ರೆ, ರಾಜಕೀಯ ಮಾತಾಡ್ಬಿಟ್ರೆ ಅನ್ನೋದು, ಆಕಾಶವಾಣಿಯ ಕಾರ್ಯಕ್ರಮ ಸಂಹಿತೆ ಅವರಿಗೂ ಅನ್ವಯ ಆಗತ್ತೆ, ಜವಾಬ್ದಾರಿ ಅವರ ತಲೆ ಮೇಲೆ. ಎರಡಕ್ಕೂ ನಿಮ್ಮ ಹತ್ರ ಉತ್ತರ ಇರ್ಲಿ, ಮುಂದೆ ಹೇಳ್ತೀನಿ. ಮೊದಲ ಸಲಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಕೇಳಬೇಡಿ.

ಮೈಕ್ ಮತ್ತು ಮೈಕ್ ಇಡೋ ಜಾಗ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾಗಿರೋದು ಇಲ್ಲಿಗೆ, ಸಾಫ್ಟ್‌ವೇರಿಗಲ್ಲ. ಮೈಕ್ ತರೋಕೆ ಮುಂಚೆ ನಾಲ್ಕು ದಿನ ಬೆಳಿಗ್ಗೆ ಐದಕ್ಕೆ ಎದ್ದು ಬರೀ ಕಿವಿ ತಗೊಂಡು ಬೇರೆಬೇರೆ ಜಾಗದಲ್ಲಿ ಕೂತ್ಕೊಳಿ, ಯಾವ ಹೊತ್ತಿಗೆ ಏನು ಕೇಳತ್ತೆ ಅಂತ ಬರ್ಕೊಳಿ. ನಮ್ಮ ಕೆರೆ ಹತ್ರ ಏಪ್ರಿಲ್‌ನಲ್ಲಿ ಇನ್ನೂ ಕತ್ತಲಿರುವಾಗ್ಲೇ ಕೋಗಿಲೆ ಶುರು, ಆಮೇಲೆ ಮಡಿವಾಳ ಹಕ್ಕಿ, ಐದೂವರೆ ಹೊತ್ತಿಗೆ ಪಿಕಳಾರ, ನಡುನಡುವೆ ಟಿಟ್ಟಿಭ ಹಕ್ಕಿ ಯಾರೋ ನಡೆದು ಬಂದ್ರು ಅಂತ ಅರಚ್ಕೊಳತ್ತೆ, ಹಾಲಿನವನ ಮೊಪೆಡ್, ಮಸೀದಿಯ ಆಜಾನ್, ದೇವಸ್ಥಾನದ ಗಂಟೆ, ಆರಕ್ಕೆ ಮೊದಲ ಬಸ್ಸು ಹಾರ್ನ್ ಹೊಡೆದ ಮೇಲೆ ಹಕ್ಕಿಗಳ ಸದ್ದೆಲ್ಲ ಹಿಂದೆ ಸರಿಯತ್ತೆ. ಆ ಪಟ್ಟಿ ನಿಮ್ಮ ಕೃತಿಯ ಅರ್ಧ ಭಾಗ.

ಮೈಕಿಗೆ ದೊಡ್ಡ ದುಡ್ಡು ಬೇಡ. ಪ್ರೈಮೋ ಕಂಪನಿಯ ಇಎಂ 272 ಅನ್ನೋ ಪುಟ್ಟ ಎಲೆಕ್ಟ್ರೆಟ್ ಕ್ಯಾಪ್ಸೂಲ್ (ಮೈಕಿನೊಳಗೆ ಸದ್ದು ಹಿಡಿಯೋ ಭಾಗ) ಇದೆ, ಸುಮಾರು ಒಂದು ಸೆಂಟಿಮೀಟರ್ ಅಗಲದ್ದು, ಅದರ ಸ್ವಂತ ಗುಂಯ್ ಸದ್ದು ಬಹಳ ಕಮ್ಮಿ, ಹಾಗಾಗಿ ಪ್ರಕೃತಿಯ ಸದ್ದು ಹಿಡಿಯೋರು ಇಷ್ಟಪಡ್ತಾರೆ. ಬೆಸುಗೆ ಹಾಕೋಕೆ ಬರತ್ತೆ ಅಂದ್ರೆ ಎರಡು ತಗೊಂಡು ನೀವೇ ಸ್ಟೀರಿಯೋ ಜೋಡಿ ಮಾಡ್ಕೋಬೋದು. ಕೇಬಲ್ಲು ಪಿನ್ನು ಎಲ್ಲ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಗತ್ತೆ. ಬರಲ್ಲ ಅಂದ್ರೆ ಹಳೇ ಆಂಡ್ರಾಯ್ಡ್ ಫೋನೇ ಸಾಕು, ಆದ್ರೆ ಫೋನಿನಲ್ಲಿ ನಾಯ್ಸ್ ಸಪ್ರೆಶನ್ ಆಫ್ ಮಾಡೋ ಅವಕಾಶ ಇರೋ ಆಪ್ ಹುಡುಕಿ, ಯಾಕಂದ್ರೆ ಫೋನು ಮನುಷ್ಯರ ಮಾತೊಂದನ್ನೇ ಸದ್ದು ಅಂತ ತಿಳಿಯತ್ತೆ, ಕೆರೆ ನೀರು, ಗಾಳಿ, ಜೀರುಂಡೆ ಎಲ್ಲವನ್ನೂ ಅಳಿಸಿಹಾಕತ್ತೆ.

ಮೈಕ್ ಕೆಳಮುಖ ಮಾಡಿ ಸೂರಿನ ಅಡಿಗೆ ಕಟ್ಟಿ, ಮಳೆ ಹನಿ ನೇರ ಬೀಳಬಾರದು. ಗಾಳಿಗೆ ಫೋಮು, ಅದರ ಮೇಲೆ ಉದ್ದ ಕೂದಲಿನ ತುಪ್ಪಳದ ಬಟ್ಟೆ ಸುತ್ತಿ, ಬರೀ ಫೋಮು ಕೆರೆ ಏರಿ ಗಾಳಿಗೆ ಸಾಲಲ್ಲ. ಇರುವೆ ಬರತ್ವೆ, ಖಂಡಿತ ಬರತ್ವೆ, ನಮ್ಮ ಎರಡನೇ ದಿನ ಸ್ಟ್ರೀಮಲ್ಲಿ ಯಾರೋ ಕಾಗದ ಮುದುರ್ತಿರೋ ಹಾಗೆ ಸದ್ದು ಬರ್ತಿತ್ತು, ತೆಗೆದು ನೋಡಿದ್ರೆ ಫೋಮ್ ಒಳಗೆ ಕೆಂಪಿರುವೆ ಸಾಲು. ಕೇಬಲ್ ಗೋಡೆ ಮುಟ್ಟೋ ಜಾಗಕ್ಕೆ ಸ್ವಲ್ಪ ವ್ಯಾಸಲಿನ್ ಹಚ್ಚಿದ್ವಿ, ನಿಂತ್ವು. ಮೈಕ್ ಕೇಬಲ್ಲನ್ನ ಕರೆಂಟ್ ವೈರಿನ ಪಕ್ಕದಲ್ಲೇ ಎಳೀಬೇಡಿ, 50 ಹರ್ಟ್ಸ್‌ನ ಗುಂಯ್ ಸೇರ್ಕೊಳತ್ತೆ, ಒಮ್ಮೆ ಸೇರಿದ್ರೆ ತೆಗೆಯೋದು ಕಷ್ಟ.

ಇನ್ನೊಂದು ಮುಖ್ಯವಾದ್ದು. ಸದಾ ತೆರೆದಿರೋ ಮೈಕು ಜನರ ಮಾತನ್ನೂ ಕೇಳಿಸ್ಕೊಳತ್ತೆ. ದಾರಿ ಪಕ್ಕ, ಬಸ್‌ಸ್ಟಾಪ್, ಬಟ್ಟೆ ಒಗೆಯೋ ಕಲ್ಲಿನ ಹತ್ರ ಇಡಬೇಡಿ. ಅಕ್ಕಪಕ್ಕದ ಮನೆಗೆ ಹೋಗಿ ಹೇಳಿ, "ಇಷ್ಟು ಹೊತ್ತಿಂದ ಇಷ್ಟು ಹೊತ್ತಿನವರೆಗೆ ಇಲ್ಲಿನ ಸದ್ದು ರೇಡಿಯೋಲಿ ಬರತ್ತೆ" ಅಂತ ದೊಡ್ಡ ಅಕ್ಷರದಲ್ಲಿ ಬೋರ್ಡ್ ಹಾಕಿ, ಮಿಕ್ಕ ಹೊತ್ತು ಆಫ್ ಇರ್ಲಿ. ಅಜ್ಜಿ ಕೂಗಿದ ದನಿಯನ್ನ ನಾವು ಆಮೇಲೆ ಬಳಸಿದ್ದು ಅವರನ್ನ ಕೂರಿಸಿ ಕೇಳಿಸಿ ಒಪ್ಪಿಗೆ ತಗೊಂಡ ಮೇಲೆ, ಅದೂ ಮೊಮ್ಮಗನ ಹೆಸರು ಹೇಳೋ ತುಂಡನ್ನ ಬಿಟ್ಟು.

ಸ್ಟ್ರೀಮ್ ಕಟ್ಟೋದು

ಮೈಕಿನಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕನ್ನ ಕಂಪ್ಯೂಟರಿಗೆ ಸೇರಿಸೋ ಸಾಧನ), ಅಲ್ಲಿಂದ ರಾಸ್ಪ್‌ಬೆರಿ ಪೈ ಅಥವಾ ಹಳೇ ಲ್ಯಾಪ್‌ಟಾಪ್, ಅಲ್ಲಿಂದ ಇಂಟರ್ನೆಟ್‌ನಲ್ಲಿರೋ ಸರ್ವರ್, ಅಲ್ಲಿಂದ ಕೇಳುಗರು. ಸರ್ವರ್‌ಗೆ ಐಸ್‌ಕಾಸ್ಟ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ. ಮನೆ ಬ್ರಾಡ್‌ಬ್ಯಾಂಡಲ್ಲೇ ಸರ್ವರ್ ಇಡೋಕೆ ಹೋಗ್ಬೇಡಿ, ಹೊರಗಿನವರು ಒಳಗೆ ಬರೋ ದಾರಿ ಬಹಳಷ್ಟು ಮನೆ ಕನೆಕ್ಷನ್‌ಗಳಲ್ಲಿ ಇರಲ್ಲ. ತಿಂಗಳ ಬಾಡಿಗೆಗೆ ಸಿಗೋ ಚಿಕ್ಕ ಕ್ಲೌಡ್ ಸರ್ವರ್, 1 ಜಿಬಿ ರ‍್ಯಾಮ್ ಇದ್ರೆ ಐಸ್‌ಕಾಸ್ಟ್‌ಗೆ ಧಾರಾಳ. ಇನ್‌ಸ್ಟಾಲ್ ಆದ ತಕ್ಷಣ ಪಾಸ್‌ವರ್ಡ್ ಬದಲಾಯಿಸಿ, ಮೊದಲೇ ಕೊಟ್ಟಿರೋ ಪಾಸ್‌ವರ್ಡ್ 'ಹ್ಯಾಕ್‌ಮಿ' ಅಂತ, ಅದು ಎಲ್ಲರಿಗೂ ಗೊತ್ತು. ಲ್ಯಾಪ್‌ಟಾಪಿನಿಂದ ಕಳಿಸೋಕೆ ಬಟ್ ಅನ್ನೋ ಸಣ್ಣ ಪ್ರೋಗ್ರಾಂ ಇದೆ, ಸರ್ವರ್ ವಿಳಾಸ, ಪೋರ್ಟ್ 8000, ಮೌಂಟ್ ಹೆಸರು (ಸರ್ವರಲ್ಲಿ ನಿಮ್ಮ ಸ್ಟ್ರೀಮಿಗೆ ಇಡೋ ಹೆಸರು), ಪಾಸ್‌ವರ್ಡ್ ಕೊಟ್ಟು ಪ್ಲೇ ಒತ್ತಿದ್ರೆ ಆಯ್ತು. ಪೈನಿಂದ ಆದ್ರೆ ಡಾರ್ಕ್‌ಐಸ್ ಅಥವಾ ಲಿಕ್ವಿಡ್‌ಸೋಪ್ ಅನ್ನೋ ಪ್ರೋಗ್ರಾಂ.

ಡೇಟಾ ಲೆಕ್ಕ ಹಾಕ್ಕೊಳಿ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಅಂದ್ರೆ ಗಂಟೆಗೆ ಸುಮಾರು 58 ಎಂಬಿ ಹೋಗತ್ತೆ, ಅರ್ಧ ಗಂಟೆ ಕಾರ್ಯಕ್ರಮಕ್ಕೆ ಮೊಬೈಲ್ ಡೇಟಾನೇ ಸಾಕು. ಸರ್ವರ್ ಕಡೆ ಮಾತ್ರ ಪ್ರತಿಯೊಬ್ಬ ಕೇಳುಗನಿಗೂ ಬೇರೆ ಪ್ರತಿ ಹೋಗತ್ತೆ, 50 ಜನ ಕೇಳಿದ್ರೆ 6.4 ಎಂಬಿಪಿಎಸ್.

ಡೆಡ್ ಏರ್ ಸಮಸ್ಯೆಗೆ ಲಿಕ್ವಿಡ್‌ಸೋಪ್ ತುಂಬಾ ಒಳ್ಳೇದು. ಅದನ್ನ ಸರ್ವರ್ ಮೇಲೆ ಓಡಿಸಿ, ಮೊದಲ ಆಯ್ಕೆ ಲೈವ್ ಮೈಕ್, ಅದು ಕಡಿದ್ರೆ ಹಿಂದಿನ ದಿನ ಅದೇ ಜಾಗದಲ್ಲಿ ಅದೇ ಹೊತ್ತಲ್ಲಿ ರೆಕಾರ್ಡ್ ಮಾಡಿದ ಫೈಲು ಅಂತ ಬರೆದಿಟ್ರೆ ಕರೆಂಟ್ ಹೋದ್ರೂ ನೆಟ್ ಹೋದ್ರೂ ರೇಡಿಯೋ ಖಾಲಿ ಆಗಲ್ಲ. ನಿನ್ನೆ ಬೆಳಗು ಇವತ್ತಿನ ಬೆಳಗಿನ ಜಾಗಕ್ಕೆ ಬಂದು ನಿಲ್ಲತ್ತೆ. ಆ ಫೈಲಿನ ಶುರುವಲ್ಲಿ "ಇದು ನಿನ್ನೆಯ ಸದ್ದು" ಅಂತ ಒಂದು ಮಾತು ರೆಕಾರ್ಡ್ ಮಾಡಿಡಿ, ಕೇಳೋರಿಗೆ ಸುಳ್ಳು ಹೇಳಬಾರದು. ಅದೇ ಫೈಲನ್ನ ಒಂದು ಪೆನ್‌ಡ್ರೈವಲ್ಲಿ ಹಾಕಿ ಸ್ಟೇಷನ್‌ನವರ ಕೈಲೂ ಕೊಡಿ, ಅಷ್ಟಾದ್ರೆ ಅವರು ನೆಮ್ಮದಿಯಾಗಿ ಒಪ್ತಾರೆ. ಪೈಗೂ ರೌಟರಿಗೂ ಸಣ್ಣ ಯುಪಿಎಸ್ ಇರ್ಲಿ.

ತಡ ಅಳೆಯೋದು, ಆಮೇಲೆ ಅದನ್ನೇ ಬಳಸೋದು

ಈಗ ಮೈಕಿನ ಮುಂದೆ ನಿಂತು ಒಂದು ಚಪ್ಪಾಳೆ ತಟ್ಟಿ, ಸ್ಟಾಪ್‌ವಾಚ್ ಒತ್ತಿ, ಎಫ್‌ಎಂನಲ್ಲಿ ಯಾವಾಗ ಕೇಳ್ತು, ಫೋನಲ್ಲಿ ಯಾವಾಗ ಕೇಳ್ತು ಅಂತ ಬರ್ಕೊಳಿ, ಹತ್ತು ಸಲ ಮಾಡಿ. ಎಫ್‌ಎಂ ಅಲೆಗೆ ಸ್ವಂತ ತಡ ಇಲ್ಲವೇ ಇಲ್ಲ ಅನ್ಬೋದು, ತಡ ಎಲ್ಲ ಸ್ಟ್ರೀಮಿನದ್ದು. ಐಸ್‌ಕಾಸ್ಟ್ ಹೊಸದಾಗಿ ಬಂದ ಕೇಳುಗನಿಗೆ ಸುಮಾರು 64 ಕಿಲೋಬೈಟ್ ಹಳೇ ಸದ್ದನ್ನ ಒಮ್ಮೆಗೇ ಕೊಡತ್ತೆ, ಪ್ಲೇಯರ್ ತಕ್ಷಣ ಶುರುವಾಗ್ಲಿ ಅಂತ. 128 ಕೆಬಿಪಿಎಸ್‌ನಲ್ಲಿ ಅದು 4 ಸೆಕೆಂಡ್, 64 ಕೆಬಿಪಿಎಸ್‌ಗೆ ಇಳಿಸಿದ್ರೆ ಅದೇ 64 ಕಿಲೋಬೈಟ್ 8 ಸೆಕೆಂಡ್ ಆಗತ್ತೆ. ಅಂದ್ರೆ ಬಿಟ್‌ರೇಟ್ (ಸೆಕೆಂಡಿಗೆ ಹೋಗೋ ಡೇಟಾ) ಕಮ್ಮಿ ಮಾಡಿದ್ರೆ ತಡ ಜಾಸ್ತಿ! ಇದು ಗೊತ್ತಿಲ್ಲದೆ ನಾವು ಎರಡು ದಿನ ಕಳೆದ್ವಿ. ಅದರ ಮೇಲೆ ಪ್ಲೇಯರಿನ ಬಫರು (ಮುಂಚೆಯೇ ತುಂಬಿಟ್ಕೊಳೋ ಸದ್ದು), ಬ್ರೌಸರಿನದ್ದು ಬೇರೆ, ವಿಎಲ್‌ಸಿದು ಬೇರೆ.

ಅಳತೆ ಕೈಗೆ ಬಂದ್ಮೇಲೆ ಅದನ್ನ ತಾಳದ ಹಾಗೆ ಇಟ್ಕೋಬೋದು. ನಮ್ಮಲ್ಲಿ ದೇವಸ್ಥಾನದ ಗಂಟೆ ಬಡಿದ್ರೆ ಅಂಗಳದಲ್ಲಿ ನಿಂತವರಿಗೆ ಮೊದಲು ಗಂಟೆ, ಹನ್ನೆರಡು ಸೆಕೆಂಡ್ ಬಿಟ್ಟು ಎಫ್‌ಎಂನಲ್ಲಿ ಗಂಟೆ, ಇನ್ನೂ ಹತ್ತು ಹನ್ನೊಂದು ಸೆಕೆಂಡ್ ಬಿಟ್ಟು ಸ್ಟೇಷನ್ನಿನ ಆನ್‌ಲೈನ್ ಪ್ರಸಾರ ಹಚ್ಚಿದ ಫೋನಲ್ಲಿ ಗಂಟೆ. ಹಾಗಾಗಿ ಅಂಗಳದಲ್ಲಿ ಮೂರು ರೇಡಿಯೋ, ಐದಾರು ಫೋನು ಬೇರೆಬೇರೆ ಮೂಲೇಲಿ ಇಟ್ವಿ, ಜನ ನಡೀತಾ ಹೋದ ಹಾಗೆ ಒಂದೇ ಗಂಟೆ ಬೇರೆಬೇರೆ ವಯಸ್ಸಲ್ಲಿ ಸಿಗ್ತಿತ್ತು. ಫೋನುಗಳಲ್ಲಿ ಒಂದರದ್ದು ಇನ್ನೊಂದಕ್ಕೆ ಒಂದೆರಡು ಸೆಕೆಂಡ್ ಹೊಂದಲ್ಲ, ಹೊಂದಿಸೋಕೆ ಹೋಗ್ಬೇಡಿ, ಕೋಗಿಲೆ ಕೂಗಿದಾಗ ಅದು ಒಂದು ತೋಪೇ ಆಗತ್ತೆ.

ಅಜ್ಜಿ ಅಡುಗೆಮನೇಲಿ ಆದಂಥ ಸುತ್ತು ಬೇಕೂ ಅಂತಾನೇ ಮಾಡೋದಾದ್ರೆ ಒಂದು ರೇಡಿಯೋನ ಮೈಕಿನ ಹತ್ತಿರ ಇಡಿ, ವಾಲ್ಯೂಮ್ ತೀರಾ ಕಮ್ಮಿ ಇಂದ ಶುರು ಮಾಡಿ. ಪ್ರತಿ ಸುತ್ತಿಗೂ ಸದ್ದು ಸ್ವಲ್ಪ ಸಣ್ಣಗಾಗ್ಬೇಕು, ಮೂರನೇ ನಾಲ್ಕನೇ ಸುತ್ತಿಗೆ ಕರಗಬೇಕು. ಸುತ್ತಿಗೆ ಸುತ್ತಿಗೆ ದೊಡ್ಡದಾಗ್ತಿದೆ ಅಂದ್ರೆ ಕೂಡ್ಲೇ ಇಳಿಸಿ, ಹನ್ನೆರಡು ಸೆಕೆಂಡಿಗೊಮ್ಮೆ ಬೆಳೆಯೋದ್ರಿಂದ ಅಪಾಯ ನಿಧಾನವಾಗಿ ಗೊತ್ತಾಗತ್ತೆ, ಗೊತ್ತಾದಾಗ ಇನ್ನೊಂದು ಸುತ್ತು ಆಗಲೇ ದಾರೀಲಿರತ್ತೆ. ಕಳಿಸೋ ಕಡೆ ಒಂದು ಲಿಮಿಟರ್ (ಸದ್ದು ಒಂದು ಮಟ್ಟ ಮೀರದ ಹಾಗೆ ತಡೆಯೋದು) ಇರಲೇಬೇಕು, ಮತ್ತೆ 100 ಹರ್ಟ್ಸ್‌ಗಿಂತ ಕೆಳಗಿನದ್ದನ್ನ ಕತ್ತರಿಸಿ, ಇಲ್ಲಾಂದ್ರೆ ಆ ಕೆಳಗಿನ ಗುಂಯ್ ಸದ್ದೊಂದೇ ಸುತ್ತಿ ಸುತ್ತಿ ಎಲ್ಲ ನುಂಗತ್ತೆ. ಒಬ್ಬರು ಪೂರ್ತಿ ಹೊತ್ತು ಆ ರೇಡಿಯೋ ಪಕ್ಕದಲ್ಲೇ ಕೂತಿರ್ಲಿ, ಅದು ವಾದ್ಯ ನುಡಿಸಿದ ಹಾಗೇ.

ಕೇಳೋರನ್ನ ಒಳಗೆ ಸೇರಿಸೋದು

ಬರೀ ಕೇಳಿಸಿದ್ರೆ ಅದು ಪ್ರಸಾರ ಅಷ್ಟೇ. ನಾವು ಎರಡು ಬಾಗಿಲು ಇಟ್ವಿ.

ಮೊದಲನೇದು ವಾಟ್ಸಾಪ್ ವಾಯ್ಸ್ ನೋಟ್. "ನಿಮ್ಮ ಅನಿಸಿಕೆ ಕಳಿಸಿ" ಅಂದ್ರೆ ಎಲ್ಲರೂ ಕಾರ್ಯಕ್ರಮ ಚೆನ್ನಾಗಿದೆ ಅಂತ ಕಳಿಸ್ತಾರೆ, ಪ್ರೀತಿಯಿಂದ್ಲೇ ಕಳಿಸ್ತಾರೆ, ಆದ್ರೆ ಅದರಿಂದ ಸದ್ದಿನ ಕೆಲಸ ಆಗಲ್ಲ. ನಾವು ಕೇಳಿದ್ದು ಒಂದೇ: "ಬೆಳಿಗ್ಗೆ ಎದ್ದ ತಕ್ಷಣ ನಿಮ್ಮನೇಲಿ ಕೇಳೋ ಮೊದಲ ಸದ್ದು ಯಾವುದು? ಮಾತಾಡದೆ 15 ಸೆಕೆಂಡ್ ರೆಕಾರ್ಡ್ ಮಾಡಿ ಕಳಿಸಿ." ಬಾಗಿಲಿಗೆ ನೀರು ಚಿಮುಕಿಸೋದು, ತೆಂಗಿನ ಪೊರಕೆ, ಕುಕ್ಕರ್ ವಿಸಲ್, ಕೊಟ್ಟಿಗೇಲಿ ಹಸು ಕೊರಳ ಗಂಟೆ, ಒಬ್ಬರು ಬರೀ ಫ್ಯಾನಿನ ಕಿರ್ರು ಕಳಿಸಿದ್ರು. ಬಂದಿದ್ದನ್ನ ಒಬ್ಬರು ಮೊದಲು ಪೂರ್ತಿ ಕೇಳಿ ಆಮೇಲೇ ಲಿಕ್ವಿಡ್‌ಸೋಪ್‌ನ ಸರದಿಗೆ ಹಾಕ್ಬೇಕು, ಸ್ಟೇಷನ್‌ನವರ ಎರಡನೇ ಭಯಕ್ಕೆ ಇದೇ ಉತ್ತರ, ಇದರಲ್ಲಿ ರಿಯಾಯಿತಿ ಬೇಡ. ಸಿನಿಮಾ ಹಾಡು ಹಿಂದೆ ಓಡ್ತಿದ್ರೆ ಅದನ್ನ ಹಾಕ್ಬೇಡಿ, ಕಾಪಿರೈಟ್ ತಂಟೆ. ಲೈವ್ ಫೋನ್ ಕಾಲ್ ತಗೋಬೋದು, ಆದ್ರೆ ಹಳೇ ಬಗೆಯ (ಲ್ಯಾಂಡ್‌ಲೈನ್, 2ಜಿ) ಫೋನ್ ಕಾಲ್ ಸುಮಾರು 300ರಿಂದ 3400 ಹರ್ಟ್ಸ್ ಮಾತ್ರ ಹೊತ್ತು ತರತ್ತೆ, ಮಾತಿಗೆ ಸಾಕು, ಪೊರಕೆ ಸದ್ದು, ಹಕ್ಕಿ ಸದ್ದಿನ ಮೇಲಿನ ಭಾಗ ಹೋಗ್ಬಿಡತ್ತೆ.

ಎರಡನೇದು, ಕೇಳ್ತಿರೋರ ಸಂಖ್ಯೆ. ಐಸ್‌ಕಾಸ್ಟಿನ ಸ್ಟೇಟಸ್ ಪೇಜಲ್ಲಿ ಈಗ ಎಷ್ಟು ಜನ ಕೇಳ್ತಿದಾರೆ ಅನ್ನೋ ಅಂಕಿ ಇರತ್ತೆ, ಅದನ್ನ ಹತ್ತು ಸೆಕೆಂಡಿಗೊಮ್ಮೆ ಓದೋ ಸಣ್ಣ ಸ್ಕ್ರಿಪ್ಟ್ ಬರೆದು ಪ್ಯೂರ್ ಡೇಟಾ ಅನ್ನೋ, ಸದ್ದು ನುಡಿಸೋಕೆ ಬಳಸೋ ಉಚಿತ ಸಾಫ್ಟ್‌ವೇರಿಗೆ ಕೊಟ್ವಿ. ಅಲ್ಲಿ ತಂಬೂರಿಯ ನಾಲ್ಕು ತಂತಿ ಬೇರೆಬೇರೆ ರೆಕಾರ್ಡ್ ಮಾಡಿ ಇಟ್ಟಿದ್ವಿ, ಯಾರೂ ಇಲ್ಲಾಂದ್ರೆ ತಂಬೂರಿ ಇಲ್ಲ, ಮೊದಲ ಐದು ಜನಕ್ಕೆ ಮಂದ್ರ ಷಡ್ಜ, ಹತ್ತಾದ್ರೆ ಪಂಚಮ, ಹೀಗೆ. ಸ್ಟೇಷನ್‌ನವರೇ ಸ್ಟ್ರೀಮಿಗೆ ಒಬ್ಬ ಕೇಳುಗ ಅನ್ನೋದು ನೆನಪಿಟ್ಟು ಒಂದು ಕಳೀರಿ. ದೂರದಲ್ಲಿ ಯಾರೋ ಫೋನಲ್ಲಿ ಸ್ಟ್ರೀಮ್ ಒತ್ತಿದ್ರೆ, ಇಲ್ಲಿ ಕೆರೆ ಸದ್ದಿನ ಅಡಿಗೆ ಒಂದು ತಂತಿ ಮೆಲ್ಲಗೆ ಎದ್ದು ಎಫ್‌ಎಂನಲ್ಲಿ ಕೇಳತ್ತೆ. ಇಂಟರ್ನೆಟ್ ಅಂದ್ರೆ ಏನು ಅಂತ ತಲೆ ಕೆಡಿಸ್ಕೊಳ್ದಿರೋ ಅಜ್ಜಿಗೆ ಇದನ್ನ ಒಂದೇ ಸಲ ಹೇಳಿದ್ದು, ಆಮೇಲೆ ತಂತಿ ಎದ್ದಾಗೆಲ್ಲ "ಯಾರೋ ಬಂದ್ರು ನೋಡು" ಅಂತಿದ್ರು.

ಹೊತ್ತು ಗೊತ್ತು ಮಾಡೋವಾಗ ಹೊರಗಿರೋ ನಮ್ಮೋರ ಗಡಿಯಾರನೂ ನೋಡಿ. ಏಪ್ರಿಲ್ ಮೇನಲ್ಲಿ ಇಲ್ಲಿ ಬೆಳಿಗ್ಗೆ 5:45 ಅಂದ್ರೆ ದುಬೈಲಿ 4:15, ಲಂಡನ್ನಲ್ಲಿ ನಡುರಾತ್ರಿ 1:15, ನ್ಯೂಜೆರ್ಸೀಲಿ ಹಿಂದಿನ ದಿನ ರಾತ್ರಿ 8:15, ಕ್ಯಾಲಿಫೋರ್ನಿಯಾದಲ್ಲಿ ಸಂಜೆ 5:15. ಅಮೆರಿಕದಲ್ಲಿರೋ ಮಕ್ಕಳು ಮೊಮ್ಮಕ್ಕಳಿಗೆ ಊರಿನ ಬೆಳಗು ಸಂಜೆ ಹೊತ್ತಿಗೆ ಸಿಗತ್ತೆ, ಅವರಿಗೆ ಮೊದಲೇ ಲಿಂಕ್ ಕಳಿಸಿ, ಅವರ ಸಂಜೆ ಸದ್ದನ್ನೂ 15 ಸೆಕೆಂಡ್ ಕೇಳಿ. ಒಬ್ಬರು ಹಿಮದ ಮೇಲೆ ನಡೆಯೋ ಸದ್ದನ್ನ ಚಳಿಗಾಲದಲ್ಲೇ ರೆಕಾರ್ಡ್ ಮಾಡಿಟ್ಟಿದ್ದನ್ನ ಕಳಿಸಿದ್ರು, ಅದು ಪೊರಕೆ ಸದ್ದಿನ ಪಕ್ಕದಲ್ಲಿ ಬಂದಾಗ ಯಾವುದು ಯಾವುದು ಅಂತ ಗೊತ್ತಾಗ್ಲಿಲ್ಲ.

ಆ ದಿನ

ಹಿಂದಿನ ದಿನ ಅದೇ ಹೊತ್ತಿಗೆ ಪೂರ್ತಿ ಅರ್ಧ ಗಂಟೆ ರಿಹರ್ಸಲ್ ಮಾಡಿ, ಸ್ಟೇಷನ್‌ನವರು ಪ್ರಸಾರ ಮಾಡದೆ ಬರೀ ಹೆಡ್‌ಫೋನಲ್ಲಿ ಕೇಳ್ಲಿ. ಮಟ್ಟ ಸರಿ ಇದೆಯಾ ನೋಡಿ, ಕೆರೆ ಸದ್ದು ಮೆತ್ತಗಿರತ್ತೆ ಅಂತ ಅವರು ಫೇಡರ್ (ಸದ್ದಿನ ಮಟ್ಟ ಏರಿಸೋ ಗುಂಡಿ) ಪೂರ್ತಿ ಎತ್ತಿದ್ರೆ ಟಿಟ್ಟಿಭ ಒಂದು ಕೂಗಿದ್ರೆ ಸಾಕು ಸದ್ದು ಒಡ್ಕೊಳತ್ತೆ. ಆ ದಿನ ನಾಲ್ಕು ಜನ ಬೇಕು: ಮೈಕ್ ಹತ್ರ ಒಬ್ಬರು, ಸ್ಟೇಷನ್‌ನಲ್ಲಿ ಒಬ್ಬರು, ವಾಯ್ಸ್ ನೋಟ್ ಕೇಳೋಕೆ ಒಬ್ಬರು, ಅಂಗಳದಲ್ಲಿ ರೇಡಿಯೋ ಫೋನು ನೋಡ್ಕೊಳೋಕೆ ಒಬ್ಬರು. ನಾಲ್ವರೂ ಸ್ಟ್ರೀಮ್ ಕೇಳಿ ಮಾತಾಡ್ಕೋಬೇಡಿ, ತಡ ಇರೋದ್ರಿಂದ ಗೊಂದಲ ಆಗತ್ತೆ, ಬೇರೆ ಫೋನ್ ಕಾಲಲ್ಲಿ ಇರಿ. ಶುರುವಲ್ಲಿ ಒಂದು ನಿಮಿಷ ಮಾತ್ರ ಕನ್ನಡದಲ್ಲಿ ಏನು ನಡೀತಿದೆ ಅಂತ ಹೇಳಿ, ಆಮೇಲೆ ಸುಮ್ಮನಿರಿ. ನಡುವೆ ವಿವರಣೆ ಕೊಡೋ ಆಸೆ ಬಹಳ ಆಗತ್ತೆ, ತಡ್ಕೊಳಿ.

ಮುಗಿದ ಮೇಲೆ ಮೈಕ್ ಆಫ್ ಮಾಡಿ, ಬೋರ್ಡ್ ಇಳಿಸಿ. ಸಮುದಾಯ ರೇಡಿಯೋದವರು ಪ್ರಸಾರ ಆಗಿದ್ದನ್ನೆಲ್ಲ ಮೂರು ತಿಂಗಳು ಇಟ್ಕೋಬೇಕು ಅನ್ನೋ ನಿಯಮ ಇದೆ, ಅವರಿಂದ ಒಂದು ಪ್ರತಿ ತಗೊಳಿ, ಮೈಕ್ ಕಡೆ ರೆಕಾರ್ಡಿಂಗ್ ಒಂದು ಇರತ್ತೆ, ಅಂಗಳದಲ್ಲಿ ಮಾಡಿದ್ದು ಒಂದು. ವಾಯ್ಸ್ ನೋಟ್ ಕಳಿಸಿದ ಪ್ರತಿಯೊಬ್ಬರಿಗೂ ಅವರ ಸದ್ದು ಬಂದ ಆ ಒಂದು ನಿಮಿಷವನ್ನ ಕತ್ತರಿಸಿ ವಾಪಸ್ ಕಳಿಸಿ. ನಾವು ಕಳಿಸಿದ್ದು 41 ತುಂಡು. ಅಜ್ಜಿ ಹತ್ರ ವಾಟ್ಸಾಪ್ ಇಲ್ಲ, ಅವರಿಗೆ ಮೆಮೊರಿ ಕಾರ್ಡ್ ಹಾಕೋ ಎಫ್‌ಎಂ ರೇಡಿಯೋ ಒಂದಕ್ಕೆ ತುಂಬಿಸಿ ಕೊಟ್ವಿ, ಕಿಟಕಿ ಪಕ್ಕ ಇಟ್ಕೊಂಡಿದಾರೆ.